ಆಯಿಲ್ ಸೋರ್ತಿದ್ಯಾ? ಮೊದಲು ಮೇಲೆ ನೋಡಿ

ಕಾರಿನ ಕೆಳಗೆ ಆಯಿಲ್ ಕಲೆ ಕಂಡ್ರೆ ಕೆಳಗೇ ಹುಡುಕಬೇಡಿ, ಆಯಿಲ್ ಮೇಲಿಂದ ಇಳಿದು ಬರುತ್ತೆ. ಇಂಜಿನ್ ಚೆನ್ನಾಗಿ ಒರೆಸಿ, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಂದು ಸುತ್ತು ಹೋಗಿ ಬನ್ನಿ. ಎಲ್ಲಕ್ಕಿಂತ ಮೇಲೆ ಎಲ್ಲಿ ಹಸಿಯಾಗಿದೆಯೋ ಅಲ್ಲೇ ಸೋರಿಕೆ.

ನನ್ನ ಕಾರಿನಲ್ಲಿ ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ) ಪ್ಯಾಕಿಂಗ್, ಅಂದ್ರೆ ಆಯಿಲ್ ಸೋರದಂತೆ ತಡೆಯೋ ರಬ್ಬರ್ ಪಟ್ಟಿ, ಹೋಗಿತ್ತು. ಬಿಚ್ಚಿದಾಗ ರಬ್ಬರ್ ಹಪ್ಪಳದ ಹಾಗೆ ಮುರೀತು!

ಇಂಜಿನ್ ತಣ್ಣಗಾದ ಮೇಲೇ ಕವರ್ ಬಿಚ್ಚಿ. ಅಂಟಿರೋ ಹಳೇ ಚೂರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿದ್ರೆ ಅಲ್ಯೂಮಿನಿಯಂ ಮೇಲೆ ಗೀರು ಬೀಳುತ್ತೆ, ಆಮೇಲೆ ಅಲ್ಲಿಂದಲೇ ಸೋರುತ್ತೆ. ಹೊಸ ಪ್ಯಾಕಿಂಗ್ ಕೂರಿಸಿ, ನಡುವಿನ ಬೋಲ್ಟ್‌ನಿಂದ ಹೊರಗಿನ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ತುಂಬಾ ಕಾರುಗಳಲ್ಲಿ ಬೋಲ್ಟ್‌ನ ಬಿಗಿತ (ಟಾರ್ಕ್) 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಜಾಸ್ತಿ ಬಿಗಿದ್ರೆ ಪ್ಯಾಕಿಂಗ್ ಹಿಸುಕಿ ಹೋಗುತ್ತೆ.

ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್‌ಗೂ ಅದರ ಮೇಲಿನ ಸಿಲಿಂಡರ್ ಹೆಡ್‌ಗೂ ನಡುವೆ ಇರೋ ಪ್ಯಾಕಿಂಗ್) ಮಾತ್ರ ಮನೆಯಲ್ಲಿ ಮುಟ್ಟಬೇಡಿ, ಗ್ಯಾರೇಜಿಗೇ ಬಿಡಿ.