ಚರಂಡಿ ಜಾಲರಿಯ ಪಕ್ಕ ಕೂತು ಕಲಿತದ್ದು

ಬೆಳಗಾವಿಯ ಒಂದು ಹೋಟೆಲಿನ ಹಿಂಭಾಗದಲ್ಲಿ ನಾವು ಬಿಯರ್ ತಯಾರಿಸುತ್ತೇವೆ. ಒಂದು ಸಲಕ್ಕೆ 500 ಲೀಟರ್, ವಾರಕ್ಕೆ ಎರಡು ಸಲ. ತಯಾರಾದದ್ದು ಅಲ್ಲೇ ಗ್ಲಾಸಿಗೆ ಹೋಗುತ್ತದೆ. ಬಾಟಲಿ ಇಲ್ಲ, ಡಬ್ಬಿ ಇಲ್ಲ, ಲಾರಿ ಇಲ್ಲ. ಹಾಗಾಗಿ ನಮ್ಮಿಂದ ಪರಿಸರಕ್ಕೆ ಅಂಥ ಹೊರೆ ಏನೂ ಇಲ್ಲ ಎಂದು ಮೊದಲ ಎರಡು ವರ್ಷ ನಂಬಿದ್ದೆ.

ಒಂದು ಮೇ ತಿಂಗಳ ಮಧ್ಯಾಹ್ನ ಆ ನಂಬಿಕೆ ಹೋಯಿತು. ಬೆಳಗಾವಿಗೆ ನೀರು ಬರುವುದು ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ. ಊರಿನ ಕೆಲವು ವಾರ್ಡುಗಳಿಗೆ 2008ರ ಸುಮಾರಿಗೇ ದಿನದ 24 ಗಂಟೆಯೂ ನೀರು ಬಂತು. ನಮ್ಮ ಓಣಿಗೆ ಬರಲಿಲ್ಲ. ಬೇಸಿಗೆಯಲ್ಲಿ ಐದಾರು ದಿನಕ್ಕೊಮ್ಮೆ ನಳ ಬರುತ್ತದೆ. ಆ ದಿನ ಅದೂ ತಡವಾಗಿತ್ತು. ನಮಗಾಗಿ ತರಿಸಿದ ಟ್ಯಾಂಕರ್ ಗೇಟಿನೊಳಗೆ ನಿಂತಿತ್ತು. ಎದುರು ಮನೆಯ ಅಜ್ಜಿ ಕೊಡ ಹಿಡಿದು ಬಂದರು. "ತಮ್ಮಾ, ಎರಡು ಕೊಡ ತುಂಬ್ಕೋತೀನಿ" ಎಂದರು. ತುಂಬಿಸಿ ಕೊಟ್ಟೆ. ಒಳಗೆ ಬಂದು ನೋಡಿದರೆ ನಮ್ಮ ಹುಡುಗ ಪೈಪಿನ ಬಾಯಿ ಪೂರ್ತಿ ಬಿಟ್ಟು ನೆಲ ತೊಳೆಯುತ್ತಿದ್ದ. ಪಕ್ಕದಲ್ಲಿ ಮಾಲ್ಟಿನಿಂದ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳು) ತೆಗೆದು ಕುದಿಸಿದ ಸಿಹಿ ರಸವನ್ನು ತಣಿಸಿದ ಬಿಸಿನೀರು ಹಬೆಯಾಡುತ್ತ ಚರಂಡಿಗೆ ಇಳಿಯುತ್ತಿತ್ತು. ಎರಡನ್ನೂ ಹಾಗೆ ಮಾಡಲು ಅವನಿಗೆ ಕಲಿಸಿದವನು ನಾನೇ.

ಮುಂದಿನ ಬ್ರೂ ದಿನ, ಅಂದರೆ ಬಿಯರ್ ತಯಾರಿಸುವ ದಿನ, ಚರಂಡಿ ಜಾಲರಿಯ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಕೈಯಲ್ಲಿ ನೋಟ್‌ಬುಕ್, ಗಡಿಯಾರ ಮತ್ತು 15 ಲೀಟರಿನ ಬಕೆಟ್. ನೆಲ ತೊಳೆಯುವ ಪೈಪಿಗೆ ಬಕೆಟ್ ಹಿಡಿದರೆ 40 ಸೆಕೆಂಡಿನಲ್ಲಿ ತುಂಬಿತು. ಅಂದರೆ ನಿಮಿಷಕ್ಕೆ 22 ಲೀಟರಿಗಿಂತ ಜಾಸ್ತಿ. ಒಂದು ಸಲ ತೊಳೆಯಲು 35 ನಿಮಿಷ, ಒಂದು ಬ್ರೂಗೆ ಎರಡು ಸಲ. ಅಲ್ಲಿಗೇ 1,500 ಲೀಟರ್ ಆಯಿತು. ಬಿಯರಿಗೆ ಬೇಕಾದ ನೀರು 680 ಲೀಟರ್ ಮಾತ್ರ. ತಣಿಸಲು 700. ಟ್ಯಾಂಕುಗಳನ್ನು ತೊಳೆಯಲು 1,200. ಕೆಗ್ (ಬಿಯರ್ ತುಂಬುವ ಸ್ಟೀಲ್ ಪೀಪಾಯಿ), ಪೈಪು, ಇತರೆ ಸೇರಿ 400. ಕೂಡಿಸಿದರೆ 4,500ರ ಹತ್ತಿರ ಬಂತು. ಒಂದು ಲೀಟರ್ ಬಿಯರಿಗೆ ಒಂಬತ್ತು ಲೀಟರ್ ನೀರು! ದೊಡ್ಡ ಕಾರ್ಖಾನೆಗಳು ಮೂರು ನಾಲ್ಕು ಲೀಟರಿನಲ್ಲಿ ಮುಗಿಸುತ್ತವೆ. ಚಿಕ್ಕದು ಎಂದರೆ ಪರಿಸರಕ್ಕೆ ಒಳ್ಳೆಯದು ಎಂದುಕೊಂಡಿದ್ದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನೆಲದ ಲೆಕ್ಕ ಸರಿಮಾಡುವುದು ಸುಲಭವಿತ್ತು. ಪೈಪಿನ ತುದಿಗೆ ಒತ್ತಿದರೆ ಮಾತ್ರ ನೀರು ಬಿಡುವ ಗನ್ ಹಾಕಿದೆವು. ಮೊದಲು ರಬ್ಬರ್ ವೈಪರಿನಿಂದ ಕಾಳು, ಕೆಸರು ಎಳೆದು ಸಲಿಕೆಯಲ್ಲಿ ಎತ್ತುವುದು, ಆಮೇಲೆ ನೀರು. 1,500 ಇದ್ದದ್ದು 400ಕ್ಕೆ ಇಳಿಯಿತು. ಖರ್ಚಾದದ್ದು ಒಂದು ಗನ್ ಮತ್ತು ಎರಡು ವೈಪರಿನ ದುಡ್ಡು. ಇದನ್ನು ಮೊದಲ ದಿನವೇ ಮಾಡಬಹುದಿತ್ತು ಅಲ್ವಾ ಎಂದು ಈಗಲೂ ಅನಿಸುತ್ತದೆ.

ತಣಿಸುವ ನೀರಿನದು ಬೇರೆ ಕಥೆ. ಕುದಿದ ರಸ ಮತ್ತು ತಣ್ಣೀರು ಪ್ಲೇಟ್ ಕೂಲರಿನಲ್ಲಿ ಎದುರುಬದುರು ಹರಿಯುತ್ತವೆ. ರಸ ತಣಿಯುತ್ತದೆ, ನೀರು 70 ಡಿಗ್ರಿಯ ಸುಮಾರಿಗೆ ಬಿಸಿಯಾಗಿ ಹೊರಬರುತ್ತದೆ. ಅದು ಶುದ್ಧ ನೀರೇ, ಮುಂದಿನ ಬ್ರೂಗೆ ನೇರ ಬಳಸಬಹುದು. ಆದರೆ ಹಿಡಿದಿಡಲು ನಮ್ಮಲ್ಲಿ ಜಾಗ ಇರಲಿಲ್ಲ. ಹೊಸ ಇನ್ಸುಲೇಟೆಡ್ ಟ್ಯಾಂಕಿನ ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ. ಕೊನೆಗೆ ಸಿಕ್ಕಿದ್ದು ಹಾಲಿನ ಡೇರಿಯವರು ಮಾರುತ್ತಿದ್ದ ಹಳೆಯ ಸ್ಟೀಲ್ ಟ್ಯಾಂಕ್. ಹಾಲನ್ನು ತಂಪಾಗಿ ಇಡುವ ಟ್ಯಾಂಕು ನೀರನ್ನು ಬಿಸಿಯಾಗಿಯೂ ಇಡುತ್ತದೆ. ಬಿಸಿಗೆ ತಾಳದ ಹಳೆಯ ರಬ್ಬರ್ ಗ್ಯಾಸ್ಕೆಟ್‌ಗಳನ್ನು ಮಾತ್ರ ಉದ್ಯಮಬಾಗ ಕೈಗಾರಿಕಾ ಪ್ರದೇಶದಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿ ಬದಲಿಸಿದೆವು.

ಟ್ಯಾಂಕು ಬಂದ ಮೇಲೆ ಇನ್ನೊಂದು ತಪ್ಪು ಕಂಡಿತು. ನಾವು ಸೋಮವಾರ ಮತ್ತು ಶುಕ್ರವಾರ ಬ್ರೂ ಮಾಡುತ್ತಿದ್ದೆವು. ಅಷ್ಟರಲ್ಲಿ ನೀರು ಆರಿಹೋಗುತ್ತಿತ್ತು. ಈಗ ಮಂಗಳವಾರ ಮತ್ತು ಬುಧವಾರ, ಬೆನ್ನಿಗೆ ಬೆನ್ನು. ಮಂಗಳವಾರದ ಬಿಸಿನೀರು ಬುಧವಾರ ಬೆಳಿಗ್ಗೆ ನೇರವಾಗಿ ಮಾಲ್ಟಿಗೆ ಹೋಗುತ್ತದೆ. ನೀರೂ ಉಳಿಯಿತು, ಗ್ಯಾಸೂ ಉಳಿಯಿತು. ಒಂದು ಎಚ್ಚರ ಹೇಳಬೇಕು. ಪ್ಲೇಟುಗಳ ನಡುವೆ ಸೋರಿಕೆ ಇದ್ದರೆ ಸಿಹಿ ರಸ ಈ ನೀರಿಗೆ ಸೇರುತ್ತದೆ. ಪ್ರತಿ ಸಲ ಒಂದು ಚಮಚ ಆರಿಸಿ ಬಾಯಿಗೆ ಹಾಕಿ ನೋಡುತ್ತೇನೆ. ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನ ನೀರೇ 30 ಡಿಗ್ರಿ ಇರುತ್ತದೆ. ಆಗ ನೀರನ್ನು ಜೋರಾಗಿ ಬಿಟ್ಟು ತಣಿಸಲು ಹೋಗಬಾರದು. ನಿಧಾನ ಬಿಟ್ಟು, ಕೊನೆಯ ಹದಿನೈದು ಡಿಗ್ರಿಯನ್ನು ಗ್ಲೈಕಾಲ್ ಚಿಲ್ಲರಿಗೆ (ತಣ್ಣನೆಯ ಗ್ಲೈಕಾಲ್ ದ್ರವ ಹರಿಸಿ ತಣಿಸುವ ಯಂತ್ರ) ಬಿಡಬೇಕು.

ಟ್ಯಾಂಕು ತೊಳೆಯುವಾಗ ಕೊನೆಯ ಸಲ ಬಿಟ್ಟ ನೀರು ಸ್ವಚ್ಛವಾಗಿಯೇ ಇರುತ್ತದೆ. ಅದನ್ನು ಹಿಡಿದು ಮುಂದಿನ ಟ್ಯಾಂಕಿನ ಮೊದಲ ತೊಳೆತಕ್ಕೆ ಬಳಸುತ್ತೇವೆ. ಕಾಸ್ಟಿಕ್ ಸೋಡಾ ದ್ರಾವಣವನ್ನೂ ಒಂದೇ ಸಲಕ್ಕೆ ಚೆಲ್ಲುವುದಿಲ್ಲ. ಅದರ ಶಕ್ತಿ ಪರೀಕ್ಷಿಸಿ, ಕಡಿಮೆಯಾದಷ್ಟು ಸೇರಿಸಿ ಮತ್ತೆ ಬಳಸುತ್ತೇವೆ. ಆದರೆ ಬಿಯರ್ ಖಾಲಿಯಾದ ಟ್ಯಾಂಕಿನಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ. ಅದನ್ನು ಹೊರಹಾಕದೆ ಕಾಸ್ಟಿಕ್ ಬಿಟ್ಟರೆ ಎರಡು ನಷ್ಟ. ಕಾಸ್ಟಿಕ್ ಆ ಗ್ಯಾಸನ್ನು ಹೀರಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಒಳಗೆ ಗಾಳಿಯ ಒತ್ತಡ ಇಳಿದು ಟ್ಯಾಂಕೇ ಒಳಕ್ಕೆ ಕುಸಿಯಬಹುದು. ಮೇಲಿನ ಮುಚ್ಚಳ ತೆರೆದು, ಗಾಳಿ ಆಡಿಸಿ, ಆಮೇಲೆಯೇ ಕಾಸ್ಟಿಕ್. ಇದನ್ನು ಹೊಸ ಹುಡುಗರಿಗೆ ಮೊದಲ ದಿನ ಹೇಳುತ್ತೇನೆ.

ಇನ್ನು ಕಾಳಿನ ಮಾತು. 100 ಕೆಜಿ ಮಾಲ್ಟ್ ಹಾಕಿದರೆ ರಸ ತೆಗೆದ ಮೇಲೆ 120 ಕೆಜಿಯಷ್ಟು ಒದ್ದೆ ಕಾಳು ಉಳಿಯುತ್ತದೆ. ಮುಕ್ಕಾಲು ಪಾಲು ನೀರೇ, ಆದರೂ ಸಕ್ಕರೆ ಹೋಗಿ ಪ್ರೋಟೀನ್ ಮತ್ತು ನಾರು ಅದರಲ್ಲಿ ಹಾಗೇ ಇರುತ್ತದೆ. ಮೊದಲು ಅದನ್ನು ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕುತ್ತಿದ್ದೆವು. ಹತ್ತಿರದಲ್ಲಿ ಎಮ್ಮೆ ಸಾಕಿರುವ ಒಬ್ಬ ಗೌಳಿ ಕಾಕಾ ಇದ್ದಾರೆ. ಅವರನ್ನು ಕೇಳಿದೆ, ಒಪ್ಪಿದರು. ಎರಡನೇ ವಾರ ಬಂದವರು ಡ್ರಮ್ಮಿನ ಮುಚ್ಚಳ ತೆಗೆದು ಮೂಸಿದರು.

"ತಮ್ಮಾ, ಇದು ಹುಳಿ ವಾಸನಿ ಹೊಡಿಯಾಕತ್ತೈತಿ. ನಿನ್ನಿದು ಐತಿ ಹೌದಿಲ್ಲೋ? ಎಮ್ಮಿ ಬಾಯಿ ಹಾಕಂಗಿಲ್ಲ."

ನಿನ್ನೆಯದೇ ಆಗಿತ್ತು. ಬಿಸಿ ಕಾಳನ್ನು ಹಾಗೇ ಡ್ರಮ್ಮಿನಲ್ಲಿ ಬಿಟ್ಟರೆ ಬೇಸಿಗೆಯಲ್ಲಿ ಒಂದೇ ದಿನಕ್ಕೆ ಹುಳಿಯಾಗುತ್ತದೆ. ಬೂಸಲು ಹಿಡಿದರಂತೂ ಅದರ ವಿಷ ಹಾಲಿಗೂ ಇಳಿಯುತ್ತದೆ. ಕಾಕಾನ ಹಾಲು ಓಣಿಯ ಮಕ್ಕಳು ಕುಡಿಯುವ ಹಾಲು. ಅಂದಿನಿಂದ ನಮ್ಮ ಬ್ರೂ ಹೊತ್ತನ್ನೇ ಬದಲಿಸಿದೆವು. ಬೆಳಿಗ್ಗೆ ಐದಕ್ಕೆ ಶುರು, ಒಂಬತ್ತರ ಒಳಗೆ ಕಾಳು ಹೊರಗೆ. ಶೀಟಿನ ಮೇಲೆ ಹರಡಿ ಆರಿಸುತ್ತೇವೆ. ಹತ್ತಕ್ಕೆ ಕಾಕಾ ಟೆಂಪೊ ತರುತ್ತಾರೆ. ಅವರು ಬರಲಾಗದ ದಿನ ಡ್ರಮ್ಮಿಗೆ ಕಾಲಿನಿಂದ ತುಳಿದಂತೆ ಒತ್ತಿ ತುಂಬಿ, ಗಾಳಿ ಹೋಗದಂತೆ ಮುಚ್ಚಿದರೆ ಇನ್ನೊಂದೆರಡು ದಿನ ತಡೆಯುತ್ತದೆ. ಅವರು ಇದನ್ನು "ಬಿಯರ್ ಹಿಂಡಿ" ಎನ್ನುತ್ತಾರೆ. ಒಂದು ಎಮ್ಮೆಗೆ ಐದು ಕೆಜಿ, ಜೋಳದ ಕಣಕಿಯ ಜೊತೆ. ಅವರ ಹನ್ನೊಂದು ಎಮ್ಮೆಗೆ ಹಾಕಿ ಉಳಿದದ್ದು ಪಕ್ಕದ ಕೊಟ್ಟಿಗೆಗೆ ಹೋಗುತ್ತದೆ. ದುಡ್ಡು ನಾನು ಕೇಳಿಲ್ಲ. ದಸರೆಗೆ ಗಡಿಗೆ ತುಂಬ ಕೆನೆಮೊಸರು ಬರುತ್ತದೆ.

ಕಾಳಿನ ಜೊತೆ ಉಳಿದ ಯೀಸ್ಟನ್ನೂ ಕೊಡಬಹುದು ಎಂದು ಓದಿದ್ದೆ. ಜೀವಂತ ಯೀಸ್ಟ್ ಹಾಗೇ ಹಾಕಿದರೆ ಎಮ್ಮೆಯ ಹೊಟ್ಟೆಯಲ್ಲೇ ಹುದುಗು ಎದ್ದು ಉಬ್ಬರ ಬರುತ್ತದೆ. ಹಾಗಾಗಿ ಚೆನ್ನಾಗಿ ಕುದಿಸಿಯೇ ಕೊಡುತ್ತೇವೆ, ಅದೂ ಸ್ವಲ್ಪ. ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಇರುವ ಕೆಸರನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಹಾಪ್ಸ್ ನಾಯಿಗಳಿಗೆ ವಿಷ, ಕಾಕಾನ ಕೊಟ್ಟಿಗೆಯಲ್ಲಿ ಎರಡು ನಾಯಿಗಳಿವೆ. ಅದು ಮುಚ್ಚಿದ ಗೊಬ್ಬರದ ಗುಂಡಿಗೆ ಹೋಗುತ್ತದೆ.

ನನಗೆ ಇಂದಿಗೂ ನೋವಾಗುವ ತಪ್ಪು ಒಂದಿದೆ. ಒಂದು ಸಲ 400 ಲೀಟರ್ ಬಿಯರ್ ಕೆಟ್ಟಿತು. ಬೇಸರದಲ್ಲಿ ಟ್ಯಾಂಕಿನ ವಾಲ್ವ್ ತೆರೆದು ಒಂದೇ ರಾತ್ರಿ ಚರಂಡಿಗೆ ಬಿಟ್ಟೆ. ಬಿಯರ್ ನೀರಿನಂತೆ ಕಾಣುತ್ತದೆ, ಆದರೆ ಕೊಳಚೆ ಶುದ್ಧಮಾಡುವವರ ಲೆಕ್ಕದಲ್ಲಿ ಅದು ತುಂಬಾ ಭಾರದ್ದು. ಒಂದು ಲೀಟರ್ ಬಿಯರ್ ಕೊಳೆಯಲು ಸುಮಾರು 100 ಗ್ರಾಂ ಆಮ್ಲಜನಕ ಬೇಕು. ಒಬ್ಬ ಮನುಷ್ಯನ ಒಂದು ದಿನದ ಕೊಳಚೆಗೆ ಬೇಕಾಗುವುದು 50 ಗ್ರಾಂ ಆಸುಪಾಸು. ಅಂದರೆ ಆ ರಾತ್ರಿ ನಾನು 800 ಜನರ ಕೊಳಚೆಯನ್ನು ಹೋಟೆಲಿನ ಪುಟ್ಟ ಶುದ್ಧೀಕರಣ ಘಟಕದ ಮೇಲೆ ಸುರಿದಿದ್ದೆ. ಅದರಲ್ಲಿನ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸತ್ತವು. ಮೂರು ವಾರ ಓಣಿ ತುಂಬ ಕೊಳೆತ ಮೊಟ್ಟೆಯ ವಾಸನೆ. ಎರಡು ಕೊಡ ನೀರು ಕೇಳಿದ್ದ ಅದೇ ಅಜ್ಜಿ ಕಿಟಕಿ ಮುಚ್ಚಿಕೊಂಡು ಕೂತಿದ್ದರು. ಹೋಗಿ ಕ್ಷಮೆ ಕೇಳಿದೆ.

ನಮ್ಮ ಊರಿನ ಬಳ್ಳಾರಿ ನಾಲಾ ಮಳೆಗಾಲದಲ್ಲಿ ಉಕ್ಕಿ ಶಹಾಪುರ, ವಡಗಾವಿ ಕಡೆಯ ಭತ್ತದ ಗದ್ದೆಗಳಿಗೆ ನುಗ್ಗುವುದನ್ನು ಎಲ್ಲರೂ ನೋಡಿದ್ದೇವೆ. ಅದರಲ್ಲಿ ನನ್ನ ಪಾಲು ಇರಬಾರದು. ಹೊರಬಿಡುವ ನೀರನ್ನು ಭೂಮಿಗೆ ಹಾಯಿಸುವುದಾದರೆ ಲೀಟರಿಗೆ ಈ ಆಮ್ಲಜನಕದ ಹೊರೆ 100 ಮಿಲಿಗ್ರಾಂ ದಾಟಬಾರದು ಎಂಬುದು ನಿಯಮ. ಬಿಯರಿನಲ್ಲಿ ಅದರ ಸಾವಿರ ಪಟ್ಟು ಇದೆ. ಈಗ ಕೆಟ್ಟ ಬಿಯರ್, ಟ್ಯಾಂಕಿನ ತಳದ ಕೆಸರು, ಕಾಸ್ಟಿಕ್, ಆಸಿಡ್ ಎಲ್ಲವೂ ಮೊದಲು ಒಂದು ತೊಟ್ಟಿಗೆ ಬರುತ್ತವೆ. ಅಲ್ಲಿ ಆಮ್ಲ ಕ್ಷಾರ ಸಮ ಮಾಡಿ, ಸಣ್ಣ ಪಂಪಿನಿಂದ ಇಡೀ ವಾರ ಸ್ವಲ್ಪ ಸ್ವಲ್ಪ ಬಿಡುತ್ತೇವೆ.

ಗ್ಯಾಸ್ ಉಳಿಸಲು ಹೋಗಿ ಒಂದು ಕಡೆ ಎಡವಿದೆ. ರಸವನ್ನು 90 ನಿಮಿಷ ಕುದಿಸುತ್ತಿದ್ದೆವು. 60ಕ್ಕೆ ಇಳಿಸಿದೆ. ಎರಡು ಬ್ರೂ ಕುಡಿದವರು ಬೇಯಿಸಿದ ಗೋವಿನಜೋಳದ ವಾಸನೆ ಎಂದು ವಾಪಸ್ ಕಳಿಸಿದರು. ತಿಳಿ ಬಣ್ಣದ ಮಾಲ್ಟಿನಲ್ಲಿ ಆ ವಾಸನೆಯ ಮೂಲ ಇರುತ್ತದೆ, ಚೆನ್ನಾಗಿ ಕುದಿದರೆ ಹಬೆಯಲ್ಲಿ ಹೋಗುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 97.5 ಡಿಗ್ರಿಯ ಸುಮಾರಿಗೆ. ಕರಾವಳಿಯವರಿಗೆ ಸಾಕಾಗುವ ಹೊತ್ತು ನಮಗೆ ಸಾಕಾಗುವುದಿಲ್ಲ. ಈಗ ತಿಳಿ ಬಿಯರಿಗೆ 75 ನಿಮಿಷ, ಕಪ್ಪು ಬಿಯರಿಗೆ 60. ಕೆಟ್ಟು ಚೆಲ್ಲಿದ ಬಿಯರಿಗಿಂತ ಹದಿನೈದು ನಿಮಿಷದ ಗ್ಯಾಸ್ ಕಡಿಮೆ ಹೊರೆ.

ಮಳೆನೀರಿಗೆ ಜಾಸ್ತಿ ಹೇಳುವುದಿಲ್ಲ. 150 ಚದರ ಮೀಟರ್ ತಗಡಿನ ಚಾವಣಿ, 10,000 ಲೀಟರಿನ ಟ್ಯಾಂಕ್. ಜುಲೈಯಲ್ಲಿ ಒಳ್ಳೆಯ ಮಳೆಯಾದರೆ ಒಂದೆರಡು ದಿನದಲ್ಲಿ ತುಂಬುತ್ತದೆ. ನೆಲಕ್ಕೆ ಮತ್ತು ಶೌಚಾಲಯಕ್ಕೆ ಮಾತ್ರ, ಬಿಯರಿಗೆ ಅಲ್ಲ. ನೋಟ್‌ಬುಕ್ಕಿನಲ್ಲಿ ಹೋದ ತಿಂಗಳ ಲೆಕ್ಕ ಒಂದು ಬ್ರೂಗೆ 2,300 ಲೀಟರ್. ಲೀಟರ್ ಬಿಯರಿಗೆ ಐದಕ್ಕಿಂತ ಕಡಿಮೆ.

ಇನ್ನೂ ಕೈಗೆ ಸಿಗದೆ ಹೋಗುತ್ತಿರುವುದು ಹುದುಗುವಾಗ ಬರುವ ಗ್ಯಾಸ್. 500 ಲೀಟರ್ ಬಿಯರ್ ಹುದುಗಿದರೆ 20 ಕೆಜಿಯಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಒಂದು ಕಡೆ ಅದನ್ನು ಬಕೆಟ್ಟಿನ ನೀರಿನಲ್ಲಿ ಗುಳುಗುಳು ಎಂದು ಬಿಡುತ್ತೇವೆ, ಇನ್ನೊಂದು ಕಡೆ ಅದೇ ಗ್ಯಾಸನ್ನು ಸಿಲಿಂಡರಿನಲ್ಲಿ ಕೊಂಡು ತರುತ್ತೇವೆ. ಹಿಡಿದು ಶುದ್ಧ ಮಾಡುವ ಯಂತ್ರ ನಮ್ಮ ಅಳತೆಗೆ ದುಬಾರಿ. ಸದ್ಯ ಹುದುಗು ಮುಗಿಯಲು ಸ್ವಲ್ಪ ಇರುವಾಗಲೇ ಒತ್ತಡದ ವಾಲ್ವ್ ಹಾಕಿ ಟ್ಯಾಂಕು ಮುಚ್ಚುತ್ತೇವೆ. ಬಿಯರಿಗೆ ಬೇಕಾದ ನೊರೆ ಅದರ ಸ್ವಂತ ಗ್ಯಾಸಿನಿಂದಲೇ ಬರುತ್ತದೆ, ಸಿಲಿಂಡರ್ ಎರಡು ಪಟ್ಟು ದಿನ ಬಾಳುತ್ತದೆ. ಬರುವ ಮಂಗಳವಾರ ಒಂದು ಟ್ಯಾಂಕಿನ ಗ್ಯಾಸನ್ನು ಪೈಪಿನಲ್ಲಿ ಪಕ್ಕದ ಖಾಲಿ ಟ್ಯಾಂಕಿಗೆ ಬಿಟ್ಟು, ಅದರೊಳಗಿನ ಗಾಳಿಯನ್ನು ಹೊರಗೆ ತಳ್ಳಿ ನೋಡುವುದಿದೆ. ಪೈಪು, ವಾಲ್ವು ತಂದಿಟ್ಟಿದ್ದೇನೆ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಕೂಡಿಕೊಂಡು ಮನುಷ್ಯರ ಉಸಿರು ಕಟ್ಟಿಸುತ್ತದೆ. ಅದಕ್ಕೇ ನಿನ್ನೆ ಎರಡೂ ಬಾಗಿಲ ಬುಡಕ್ಕೆ ಜಾಲರಿ ಹಾಕಿಸಿದೆ.