ಹುಳುಮನೆಯಲ್ಲಿ ಕಲಿತ ಪ್ರಾರ್ಥನೆ

ನಮ್ಮ ಊರು ಶಿಡ್ಲಘಟ್ಟ ತಾಲ್ಲೂಕಿನಲ್ಲಿದೆ. ರೇಷ್ಮೆ ಹುಳು ಸಾಕುವುದು ನಮ್ಮ ಮನೆಯ ಕಸುಬು. ನನ್ನ ಅಜ್ಜಿ ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಕಟ್ಟಿದ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ಅವರಿಂದ ಮನೆಗೆ ಬಂದ ವಿಶ್ವಾಸದಲ್ಲಿ ಬೆಳೆದ ನನಗೆ ಪ್ರಾರ್ಥನೆಯೆಂಬುದು ಚಿಕ್ಕಂದಿನಿಂದಲೂ ಬಾಯಿಗೆ ಬಂದ ವಿದ್ಯೆಯಾಗಿತ್ತು. ಮನೆಕೂಟಗಳಲ್ಲಿ ಕೊನೆಯ ಪ್ರಾರ್ಥನೆಗೆ ಸಭೆಯ ಹಿರಿಯರು ನನ್ನ ಕಡೆಗೇ ನೋಡುತ್ತಿದ್ದರು. "ಪರಿಶುದ್ಧನೂ ಕೃಪಾಪೂರ್ಣನೂ ಆದ ಕರ್ತನೇ" ಎಂದು ಆರಂಭಿಸಿದರೆ ಹತ್ತು ನಿಮಿಷ ಎಲ್ಲಿಯೂ ತಡವರಿಸದೆ ಪ್ರಾರ್ಥಿಸಬಲ್ಲವಳಾಗಿದ್ದೆ.

ಆ ಭಾಷೆಯ ಮೇಲೆ ನನಗೆ ಇಂದಿಗೂ ಪ್ರೀತಿಯಿದೆ. ಅದೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ಬಳ್ಳಾರಿಯಲ್ಲಿ ವರ್ಷಗಟ್ಟಲೆ ಶ್ರಮಿಸಿ 1831ರ ಹೊತ್ತಿಗೆ ಇಡೀ ಸತ್ಯವೇದವನ್ನು, ಎಂದರೆ ಬೈಬಲನ್ನು, ಕನ್ನಡಕ್ಕೆ ತಂದರು; ನಮ್ಮ ಸಭೆಗಳ ಪ್ರಾರ್ಥನೆಯ ಕನ್ನಡ ಅಂಥ ಅನುವಾದಗಳ ನೆರಳಿನಲ್ಲಿ ಬೆಳೆದದ್ದು. ಆದರೆ ನಾವು ಮನೆಯಲ್ಲಿ ಆಡುವುದು ತೆಲುಗು ಬೆರೆತ ಕನ್ನಡ. ನನ್ನ ದುಃಖ, ಸಿಟ್ಟು, ಹೊಟ್ಟೆಕಿಚ್ಚು ಎಲ್ಲವೂ ಆ ಮನೆಮಾತಿನಲ್ಲೇ ಇದ್ದವು. ದೇವರ ಮುಂದೆ ಹೋಗುವಾಗ ಮಾತ್ರ ಅವುಗಳನ್ನೆಲ್ಲ ಹೊಸ್ತಿಲಾಚೆ ಬಿಟ್ಟು, ಬೇರೆಯವರ ಒಳ್ಳೆಯ ಸೀರೆ ಉಟ್ಟುಕೊಂಡು ಹೋಗುತ್ತಿದ್ದೆ. ಇದು ನನಗೆ ತಿಳಿದದ್ದು ಬೆಳೆ ಹೋದ ವರ್ಷ.

ಆ ವರ್ಷ ಸತತವಾಗಿ ಎರಡು ಬೆಳೆಗೆ ಹಾಲುತೊಂಡೆ ರೋಗ ಬಂತು. ಹುಳು ಸಾಕಿದವರಿಗೆ ಇದರ ಸಂಕಟ ಗೊತ್ತು. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಕಳೆದು, ಹೊತ್ತುಹೊತ್ತಿಗೆ ಸೊಪ್ಪು ಹಾಕಿ, ಇನ್ನೇನು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕೆನ್ನುವಾಗ ಹುಳುಗಳ ಮೈ ಊದಿಕೊಂಡು, ತಟ್ಟೆಯ ಅಂಚಿಗೆ ಹರಿದಾಡಿ, ಚರ್ಮ ಒಡೆದು ಹಾಲಿನಂಥ ನೀರು ಸುರಿಸಿ ಸಾಯುತ್ತವೆ. ಎರಡನೆಯ ಸಲ ಹಾಗಾದ ವಾರವೇ ನಮ್ಮ ಮನೆಯಲ್ಲಿ ಕೂಟವಿತ್ತು. ನಾನು ಎಂದಿನಂತೆ, ಎಲ್ಲಾ ಪರಿಸ್ಥಿತಿಯಲ್ಲಿಯೂ ಸ್ತೋತ್ರ ಸಲ್ಲಿಸುತ್ತೇವೆಂದು ಪ್ರಾರ್ಥಿಸಿದೆ. ಬಂದವರು ನನ್ನ ವಿಶ್ವಾಸ ದೊಡ್ಡದೆಂದು ಹೊಗಳಿ ಹೋದರು. ನನಗೆ ಆ ರಾತ್ರಿ ಅನ್ನ ಇಳಿಯಲಿಲ್ಲ, ಏಕೆಂದರೆ ನಾನು ಹೇಳಿದ್ದು ಸುಳ್ಳು ಎಂಬುದು ನನಗೊಬ್ಬಳಿಗೆ ಗೊತ್ತಿತ್ತು.

ಎಲ್ಲರೂ ಮಲಗಿದ ಮೇಲೆ ಖಾಲಿ ಹುಳುಮನೆಗೆ ಹೋದೆ. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನೆಲದ ಮೇಲೆ ಕುಳಿತಾಗ ಬಾಯಿಂದ ಬಂದದ್ದು ಇಷ್ಟು: "ಏನಪ್ಪಾ, ನಿಂಗೆ ಕಾಣಿಸ್ತಾ ಇಲ್ವಾ? ಒಂದು ಸಲ ಆಯ್ತು, ಎರಡನೇ ಸಲಾನೂ ಹಿಂಗೇನಾ?" ಹೇಳಿದ ಮರುಕ್ಷಣ ಭಯವಾಯಿತು. ಆದರೆ ಬಹಳ ವರ್ಷಗಳಲ್ಲಿ ಮೊದಲ ಬಾರಿಗೆ, ಎದುರಿಗೆ ಯಾರೋ ಇದ್ದು ಕೇಳಿಸಿಕೊಂಡರು ಎಂದೂ ಅನಿಸಿತು.

ಭಾನುವಾರ ಆರಾಧನೆ ಮುಗಿದ ಮೇಲೆ ಇದನ್ನು ಸಭಾಪಾಲಕರ ಬಳಿ ಪಾಪವೆಂಬಂತೆ ಅರಿಕೆ ಮಾಡಿದೆ. ಅವರು ಗದರಿಸಲಿಲ್ಲ. ಸತ್ಯವೇದದ ಕೀರ್ತನೆಗಳು 13 ಮತ್ತು 88 ಓದಿಕೊಂಡು ಬಾ ಅಮ್ಮ ಎಂದರು, ಅಷ್ಟೇ. ಎರಡನ್ನೂ ನಾನು ಹಿಂದೆ ಓದಿದ್ದವಳೇ. ಹದಿಮೂರನೆಯದು, ಎಷ್ಟು ಕಾಲ ನನ್ನನ್ನು ಮರೆತಿರುವಿ ಎಂದು ದೇವರನ್ನು ನೇರವಾಗಿ ಕೇಳುವುದರಿಂದಲೇ ಆರಂಭವಾಗುತ್ತದೆ. ಎಂಬತ್ತೆಂಟನೆಯದರಲ್ಲಿ ಕಡೆಯ ಸಾಲಿನವರೆಗೂ ಸಮಾಧಾನವಿಲ್ಲ. ಅದು ಕತ್ತಲಲ್ಲೇ ಮುಗಿಯುತ್ತದೆ. ಆದರೂ ಹೇಳುವವನು ಹಗಲೂ ರಾತ್ರಿಯೂ ದೇವರಿಗೇ ಹೇಳುತ್ತಾನೆ, ಬೇರೆಯವರ ಬಳಿ ದೂರುವುದಿಲ್ಲ. ಇಂಥ ಮಾತು ಸತ್ಯವೇದದ ಒಳಗೇ ಇರುವಾಗ ನನ್ನ ಮಾತಿಗೂ ಅಲ್ಲಿ ಜಾಗವಿದೆ ಎಂಬ ಧೈರ್ಯ ಬಂತು. ನಮ್ಮ ಭಾಷೆಯಲ್ಲಿ ದೊಡ್ಡವರಿಗೆಲ್ಲ 'ನೀವು' ಎನ್ನುತ್ತೇವೆ. ತಾಯಿಗೂ ದೇವರಿಗೂ 'ನೀನು' ಎನ್ನುತ್ತೇವೆ. ಆ ಸಲಿಗೆಯನ್ನು ನಾನು ಬಾಯಲ್ಲಿ ಮಾತ್ರ ಇಟ್ಟುಕೊಂಡಿದ್ದೆ.

ಅಂದಿನಿಂದ ನನ್ನ ಅಭ್ಯಾಸವನ್ನು ಬದಲಿಸಿಕೊಂಡೆ. ಬೆಳಗಿನ ಜಾವದ ಸೊಪ್ಪು ಹಾಕಿದ ಮೇಲೆ ಹುಳುಗಳು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳಿಸುತ್ತದೆ. ಆ ಹೊತ್ತಿನಲ್ಲಿ ಒಂದು ಕೀರ್ತನೆಯನ್ನು ಮೆಲ್ಲಗೆ ಬಾಯಿಬಿಟ್ಟು ಓದುತ್ತೇನೆ. ಬಳಿಕ ಆ ದಿನ ನಿಜವಾಗಿ ನನ್ನೊಳಗೆ ಇರುವುದನ್ನು ಮನೆಮಾತಿನಲ್ಲಿ ಹೇಳುತ್ತೇನೆ. ಅದು ಒಂದೇ ವಾಕ್ಯವಾದರೆ ಒಂದೇ ವಾಕ್ಯ. ಹೇಳುತ್ತಿರುವುದು ನಿಜವಲ್ಲ ಎಂದು ಮನಸ್ಸು ಚುಚ್ಚಿದರೆ ಅಲ್ಲಿಗೇ ನಿಲ್ಲಿಸಿ ಸುಮ್ಮನೆ ಕೂರುತ್ತೇನೆ. ಆರಂಭದಲ್ಲಿ ಇದು ಬಹಳ ಕಷ್ಟವಾಯಿತು; ಅಲಂಕಾರದ ಮಾತುಗಳನ್ನು ತೆಗೆದುಹಾಕಿದರೆ ಉಳಿಯುವುದು ಎರಡು ನಿಮಿಷದ ಪ್ರಾರ್ಥನೆಯೂ ಆಗಿರಲಿಲ್ಲ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕುವಂತಿಲ್ಲ. ಹೆಚ್ಚುಕಡಿಮೆ ಒಂದು ದಿನ ಸಿಗುವ ಆ ಬಿಡುವನ್ನು ಮಾತ್ರ ದೀರ್ಘವಾಗಿ ಕೂರಲು ಇಟ್ಟುಕೊಂಡೆ. ಹುಳುಮನೆ ಬಾಗಿಲು ಮುಚ್ಚಿಕೊಂಡಾಗ, ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥಿಸು ಎಂದು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸು ಹೇಳಿದ್ದು ನೆನಪಾಗುತ್ತಿತ್ತು. ನೋಡುವವರಿಲ್ಲದ ಕಡೆ ಸುಳ್ಳಿಗೆ ಕೆಲಸವಿರುವುದಿಲ್ಲ.

ಈ ಅಭ್ಯಾಸ ನನ್ನನ್ನು ಮೊದಲು ಮುಟ್ಟಿಸಿದ್ದು ನಾನು ಎಣಿಸದಿದ್ದ ಜಾಗಕ್ಕೆ. ನಮಗೂ ನಮ್ಮ ಮೈದುನನ ಮನೆಯವರಿಗೂ ಒಂದೇ ಬೋರ್‌ವೆಲ್. ನೀರಿನ ಸರದಿಯ ವಿಷಯಕ್ಕೆ ಎರಡು ವರ್ಷದಿಂದ ಮಾತಿರಲಿಲ್ಲ. ಅವರ ಮನಸ್ಸನ್ನು ತಿರುಗಿಸು ಕರ್ತನೇ ಎಂದು ಎಷ್ಟೋ ಸಲ ಪ್ರಾರ್ಥಿಸಿದ್ದೆ. ನಿಜವನ್ನೇ ಹೇಳಬೇಕೆಂದು ಕುಳಿತ ಒಂದು ಬೆಳಗ್ಗೆ ಆ ಮಾತು ಗಂಟಲಲ್ಲೇ ನಿಂತಿತು. ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗಲೆಲ್ಲ ಅವರ ಸರದಿಯಲ್ಲಿ ಒಂದು ಗಂಟೆಯಷ್ಟು ನೀರನ್ನು ನಮ್ಮ ಹಿಪ್ಪುನೇರಳೆ ತೋಟಕ್ಕೆ ತಿರುಗಿಸಿಕೊಳ್ಳುತ್ತಿದ್ದವರು ನಾವೇ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ನ್ಯಾಯಕ್ಕಾಗಿ ದೇವರನ್ನು ಕರೆಯುತ್ತಿದ್ದೆ! ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂಬ ವಚನವನ್ನು ಮನೆಕೂಟದಲ್ಲಿ ವಿವರಿಸಿದವಳೂ ನಾನೇ.

ಯಜಮಾನರಿಗೆ ಹೇಳಿ ಒಪ್ಪಿಸುವುದಕ್ಕೆ ನಾಲ್ಕು ದಿನ ಹಿಡಿಯಿತು. ಆಮೇಲೆ ನಾನೇ ಹೋಗಿ ವಾರಗಿತ್ತಿಯ ಎದುರು ನಿಂತು ಹೇಳಿದೆ. ಅವಳು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಬಹಳ ಹೊತ್ತಿನ ಮೇಲೆ, "ನಮಗೂ ಗೊತ್ತಿತ್ತಕ್ಕ" ಎಂದಳು, ಕುಳಿತುಕೋ ಎನ್ನಲಿಲ್ಲ. ಈಗ ಪಂಪ್ ಮನೆಯ ಗೋಡೆಯ ಮೇಲೆ ಸರದಿಯನ್ನು ಬರೆದಿಟ್ಟಿದ್ದೇವೆ. ಮಾತು ಪೂರ್ತಿ ಮರಳಿಲ್ಲ. ಆದರೆ ಅವರ ಹೆಸರು ಹಿಡಿದು ಪ್ರಾರ್ಥಿಸುವಾಗ ನನ್ನ ಗಂಟಲು ಈಗ ಕಟ್ಟುವುದಿಲ್ಲ.

ಮುಂದಿನ ಬೆಳೆ ಚೆನ್ನಾಗಿ ಬಂತು. ಅದನ್ನು ನನ್ನ ಪ್ರಾರ್ಥನೆಯ ಫಲವೆಂದು ಸಾಕ್ಷಿ ಹೇಳಲು ಕೆಲವರು ಒತ್ತಾಯಿಸಿದರು. ನಾವು ಸೋಂಕು ನಿವಾರಣೆಯನ್ನು ಸರಿಯಾಗಿ ಮಾಡಿದ್ದೆವು, ಚಾಕಿ ಹುಳುವನ್ನು, ಎಂದರೆ ಎಳೆಯ ಮರಿಹುಳುವನ್ನು, ಬೇರೆ ಕಡೆಯಿಂದ ತಂದಿದ್ದೆವು. ದೇವರಿಗೆ ಸ್ತೋತ್ರ ಹೇಳಿದೆ, ಮನಸಾರೆ ಹೇಳಿದೆ. ಆದರೆ ಬೆಳೆ ಹೋದಾಗ ದೇವರು ನನ್ನನ್ನು ಬಿಟ್ಟಿದ್ದನೆಂದು ಅರ್ಥ ಬರುವ ಸಾಕ್ಷಿಯನ್ನು ಹೇಳಲು ಒಪ್ಪಲಿಲ್ಲ. ಆ ಖಾಲಿ ಹುಳುಮನೆಯಲ್ಲಿ ಇದ್ದಷ್ಟು ಹತ್ತಿರ ಅವನು ನನಗೆ ಹಿಂದೆಂದೂ ಇರಲಿಲ್ಲ.

ಮನೆಕೂಟದಲ್ಲಿ ಈಗ ನನ್ನ ಪ್ರಾರ್ಥನೆ ಚಿಕ್ಕದು. ಕೆಲವರಿಗೆ ಅದು ಸಪ್ಪೆಯೆನಿಸಿದೆ. ಏನೂ ಬಾಯಿಗೆ ಬಾರದ ದಿನಗಳೂ ಇವೆ; ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು ಎಂದು ಯೇಸುವಿನ ಮುಂದೆ ಕೂಗಿಕೊಂಡ ಮಾರ್ಕನ ಸುವಾರ್ತೆಯ, ನರಳುವ ಮಗನನ್ನು ಕರೆತಂದ ಆ ತಂದೆಯ ಮಾತೇ ಆ ದಿನಗಳಿಗೆ ಸಾಕಾಗುತ್ತದೆ. ಇಲ್ಲವೇ ಕರ್ತನು ಕಲಿಸಿದ ಪ್ರಾರ್ಥನೆಯನ್ನು ನಿಧಾನವಾಗಿ ಹೇಳುತ್ತೇನೆ. ನಮಗೆ ತಪ್ಪುಮಾಡಿದವರನ್ನು ನಾವು ಕ್ಷಮಿಸಿದಂತೆ ಎಂಬ ಸಾಲಿನಲ್ಲಿ ಕೆಲವೊಮ್ಮೆ ಈಗಲೂ ನಿಂತುಬಿಡುತ್ತೇನೆ. ಯಾರ ಮುಖ ಕಣ್ಣಮುಂದೆ ಬಂತೆಂದು ದೇವರಿಗೆ ಹೇಳಿ, ಆಮೇಲೆ ಮುಂದಿನ ಸಾಲಿಗೆ ಹೋಗುತ್ತೇನೆ. ಅಷ್ಟರಲ್ಲಿ ಹುಳುಗಳು ಸೊಪ್ಪು ಮೇದು ಮುಗಿಸಿರುತ್ತವೆ.