ಬಾಯಿ ಕ್ಯಾನ್ಸರ್ ವಾಸಿಯಾದ ಮೇಲೆ ಮನೆಯಲ್ಲಿ ಬಾಯಿ ನೋಡುವುದು ಹೇಗೆ

ನಮ್ಮದು ಚನ್ನಗಿರಿ ಕಡೆ ಅಡಿಕೆ ತೋಟ. ಅಪ್ಪಾಜಿಗೆ ಎಡಗೆನ್ನೆಯ ಕ್ಯಾನ್ಸರ್ ಆಗಿ ಆಪರೇಷನ್, ರೇಡಿಯೇಷನ್ ಎರಡೂ ಮುಗಿದಿವೆ. ನೋಡಲು ಬಂದವರೆಲ್ಲ 'ಗೆದ್ರಿ ಬಿಡಿ' ಅನ್ನುತ್ತಾರೆ. ಆದರೆ ಇಂಥವರಿಗೆ ಹಳೇ ಗಡ್ಡೆ ಮತ್ತೆ ಬರುವುದೊಂದೇ ಭಯವಲ್ಲ. ಬೇರೆ ಜಾಗದಲ್ಲಿ ಹೊಸದೇ ಒಂದು ಕ್ಯಾನ್ಸರ್ ಹುಟ್ಟಬಹುದು.

ತೋಟಕ್ಕೆ ಬೋರ್ಡೋ ಔಷಧಿ ಹೊಡೆದರೆ ಒಂದೇ ಗೊನೆಗೆ ಬೀಳುತ್ತಾ? ಗುಟ್ಕಾ ರಸ, ಬೀಡಿ ಹೊಗೆಯೂ ಹಾಗೇ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಶ್ವಾಸಕೋಶ, ಎಲ್ಲಕ್ಕೂ ತಾಗಿರುತ್ತೆ. ಗಡ್ಡೆಯ ಸುತ್ತ ಚೆನ್ನಾಗಿದೆ ಅನ್ನಿಸುವ ಜಾಗವೂ ಒಳಗೆ ಬದಲಾಗಿರುತ್ತದೆ ಎಂದು ಅಮೆರಿಕದ ಸ್ಲಾಟರ್ ಮತ್ತು ಜೊತೆಯವರು 1953ರಲ್ಲೇ ತೋರಿಸಿದರು.

ತಿಂಗಳಿಗೊಂದು ಭಾನುವಾರ ಅಪ್ಪಾಜಿಯನ್ನು ಕಿಟಕಿ ಪಕ್ಕ ಕೂರಿಸುತ್ತೇನೆ. ಹಲ್ಲಿನ ಸೆಟ್ ಇದ್ದರೆ ಮೊದಲು ತೆಗೆಸಿ. ಮೊಬೈಲ್ ಟಾರ್ಚ್ ಹಿಡಿದು ತುಟಿಯ ಒಳಗೆ, ಎರಡೂ ಕೆನ್ನೆ, ಒಸಡು, ಅಂಗುಳ ನೋಡಿ. ನಾಲಿಗೆಯ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಅಂಚು ನೋಡಿ. ನಾಲಿಗೆ ಎತ್ತಿಸಿ ಅಡಿಯನ್ನೂ ನೋಡಿ, ಅದನ್ನೇ ಜಾಸ್ತಿ ಜನ ಬಿಡುತ್ತಾರೆ. ಅಪ್ಪಾಜಿಯ ಎಡಗೆನ್ನೆಗೆ ಎದೆಯಿಂದ ತಂದು ಹೊಲಿದ ಚರ್ಮದ ಬಣ್ಣವೇ ಬೇರೆ. ಅದನ್ನು ಕಂಡು ಗಾಬರಿ ಬೇಡ. ಪ್ರತಿ ಸಲ ಫೋಟೋ ತೆಗೆದಿಡಿ. ಹಳೆಯದು ಯಾವುದು, ಹೊಸದು ಯಾವುದು ಅಂತ ಆಗ ಗೊತ್ತಾಗುತ್ತೆ. ಬಾಯಿ ಎಷ್ಟು ಬೆರಳು ಅಗಲ ತೆರೆಯುತ್ತೆ ಅಂತಲೂ ಬರೆದಿಡಿ. ಕೊನೆಗೆ ಕುತ್ತಿಗೆಯ ಎರಡೂ ಕಡೆ, ದವಡೆಯ ಕೆಳಗೆ ಮೆಲ್ಲಗೆ ಒತ್ತಿ ಗಂಟು ಇದೆಯಾ ನೋಡಿ.

ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಮಚ್ಚೆ, ಅದಕ್ಕಿಂತ ಮುಖ್ಯವಾಗಿ ಕೆಂಪು ಮಚ್ಚೆ ಕಂಡರೆ ತಡ ಮಾಡಬೇಡಿ. ಧ್ವನಿ ಒಡೆದೇ ಇರುವುದು, ನುಂಗಲು ಕಷ್ಟ, ಒಂದೇ ಕಿವಿಯ ನೋವು, ಕೆಮ್ಮಿನಲ್ಲಿ ರಕ್ತ, ಸುಮ್ನೆ ತೂಕ ಇಳಿಯುವುದು, ಇವೂ ಅಷ್ಟೇ. ನೋವಿಲ್ಲ ಅಂತ ಕಾಯಬೇಡಿ. ಶುರುವಿನಲ್ಲಿ ನೋವು ಇರದೆಯೂ ಬರುತ್ತೆ.

ಮನೆಯಲ್ಲಿ ಗಂಟಲಿನ ಒಳಗೆ ಕಾಣುವುದಿಲ್ಲ. ಅದಕ್ಕೆ ಡಾಕ್ಟರ ಹತ್ತಿರ ದುರ್ಬೀನು (ಎಂಡೋಸ್ಕೋಪ್) ಇದೆ. ಐದು ವರ್ಷ ಆಯ್ತು ಅಂತ ಚೆಕಪ್ ನಿಲ್ಲಿಸಬೇಡಿ, ಹೊಸ ಕ್ಯಾನ್ಸರಿನ ಅಪಾಯ ಆಮೇಲೂ ಇರುತ್ತೆ. ಬೀಡಿ ಸೇದಿದವರಿಗೆ ಎದೆಯ ಸ್ಕ್ಯಾನ್ ಬೇಕಾ ಅಂತ ನೀವಾಗೇ ಕೇಳಿ. ಡಿಸ್ಚಾರ್ಜ್ ಸಮರಿ, ಬಯಾಪ್ಸಿ ವರದಿ, ರೇಡಿಯೇಷನ್ ಚೀಟಿ ಒಂದೇ ಫೈಲಿನಲ್ಲಿರಲಿ. ರೇಡಿಯೇಷನ್ ಬಿದ್ದ ದವಡೆಯ ಹಲ್ಲು ಕೀಳಿಸುವ ಮೊದಲು ಕ್ಯಾನ್ಸರ್ ಡಾಕ್ಟರನ್ನು ಕೇಳಲೇಬೇಕು, ಮೂಳೆ ಮಾಯದೇ ಹೋಗಬಹುದು.

ಇನ್ನು ಹೇಳಲು ಕಷ್ಟವಾದ ಮಾತು. ನಮ್ಮ ಅನ್ನ ಅಡಿಕೆಯಿಂದಲೇ. ಆದರೂ ತಂಬಾಕು ಹಾಕದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು 2004ರಲ್ಲೇ ಪ್ರಕಟಿಸಿದೆ. ಕಾಯಿಲೆ ಬಂದು ಹೋದ ಬಾಯಿಗೆ ಒಂದು ಹೋಳೂ ಬೇಡ. ಸುಲಿಯುವಾಗ ಅಪ್ಪಾಜಿಯ ಕೈ ತಾನಾಗೇ ಬಾಯಿಗೆ ಹೋಗುತ್ತಿತ್ತು, ಈಗ ಆ ಕೆಲಸಕ್ಕೆ ಕೂರಿಸುವುದಿಲ್ಲ. ತಂಬಾಕು ಬಿಡಲು ಆಗದವರು 1800112356ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ.